3 ಅಡಿ ಮೀನಿನ ಟ್ಯಾಂಕಿಗೆ ಟಫನ್ಡ್ ಗಾಜು ಬೇಕಾ?

ಪ್ರಶ್ನೆ: ಮೈಸೂರಿನಲ್ಲಿ ಗಾಜಿನ ಅಂಗಡಿಯಲ್ಲೇ ಟ್ಯಾಂಕ್ ಮಾಡಿಸುತ್ತಿದ್ದೇನೆ. ಉದ್ದ 3 ಅಡಿ, ಅಗಲ, ಎತ್ತರ ಒಂದೂವರೆ. ಗೋಲ್ಡ್‌ಫಿಶ್‌ಗೆ. ಅಂಗಡಿಯವರು ಟಫನ್ಡ್ (ಕಾಯಿಸಿ ಗಟ್ಟಿ ಮಾಡಿದ ಗಾಜು) ಹಾಕಿಸಿ ಅಂತಾರೆ.

ಉತ್ತರ: ಸುಮ್ನೆ ದುಡ್ಡು ದಂಡ. ಟಫನ್ಡ್ ಮಾಡಿದ ಮೇಲೆ ಪೈಪಿಗೆ ತೂತು ಕೊರೆಯಲು ಆಗುವುದಿಲ್ಲ. ಒಡೆದರೆ ಇಡೀ ಹಾಳೆ ಪುಡಿಪುಡಿ. ತುಂಬಿದರೆ ಸುಮಾರು 190 ಲೀಟರ್ ನೀರು, ಅಷ್ಟೂ ಹಾಲ್‌ನಲ್ಲಿ! ಸಾದಾ ಫ್ಲೋಟ್ ಗಾಜೇ ಸಾಕು, 10 ಎಂಎಂ. ಅಂಚು ಪಾಲಿಶ್ ಮಾಡಿಸಿ, ಕೈ ಕುಯ್ಯುತ್ತದೆ.

ಇನ್ನೊಬ್ಬರು: ಮುಂದಿನ ಹಾಳೆ ಮಾತ್ರ ಎಕ್ಸ್‌ಟ್ರಾ ಕ್ಲಿಯರ್ ಹಾಕಿಸಿ. ಅದರಲ್ಲಿ ಕಬ್ಬಿಣದ ಅಂಶ ಕಡಿಮೆ, ಮೀನಿನ ಬಣ್ಣ ಹಸಿರಾಗಿ ಕಾಣುವುದಿಲ್ಲ.

ಪ್ರಶ್ನೆ ಕೇಳಿದವರು: ಗಾಜು ಅಂಟಿಸಲು ಸಿಲಿಕೋನ್ ಯಾವುದು?

ಉತ್ತರ: ಅಕ್ವೇರಿಯಂಗೆ ಅಂತಲೇ ಬರೆದಿರುವುದು. ಬಾತ್‌ರೂಮಿನ ಬೂಸ್ಟು ತಡೆಯುವ ಸಿಲಿಕೋನ್ ಬೇಡವೇ ಬೇಡ, ಅದರ ಮದ್ದು ಮೀನಿಗೆ ವಿಷ.