ಬೇರು ಕಿತ್ತ ಮಾತಿಗೆ ಬೆಲೆಯುಂಟೇ?

ಪ್ರಶ್ನೆ

"ಹೃದಯಕ್ಕೆ ಅದರದೇ ಆದ ಕಾರಣಗಳಿವೆ, ಬುದ್ಧಿಗೆ ಅವು ತಿಳಿಯವು" ಎಂಬ, ಹದಿನೇಳನೆಯ ಶತಮಾನದ ಫ್ರೆಂಚ್ ಗಣಿತಜ್ಞ, ಚಿಂತಕ ಪ್ಯಾಸ್ಕಲನ ಮಾತನ್ನು ನಾನು ಇಷ್ಟು ವರ್ಷ ಪ್ರೇಮದ ಮಾತೆಂದೇ ನಂಬಿದ್ದೆ. ಗೆಳೆಯನೊಬ್ಬನ ಮದುವೆಯ ಶುಭಾಶಯದಲ್ಲಿ ಬರೆದೂ ಕೊಟ್ಟಿದ್ದೆ. ಈಚೆಗೆ ಪ್ಯಾಸ್ಕಲನ 'ಚಿಂತನೆಗಳು' ಪುಸ್ತಕದ ಅನುವಾದವನ್ನು ಮೊದಲಿನಿಂದ ಓದತೊಡಗಿದಾಗ, ದೇವರ ಅನುಭವವಾಗುವುದು ಹೃದಯಕ್ಕೇ ಹೊರತು ಬುದ್ಧಿಗಲ್ಲ, ಶ್ರದ್ಧೆಯೆಂದರೆ ಅದೇ ಎಂಬ ಅರ್ಥದ ಸಾಲುಗಳು ಅದರ ಪಕ್ಕದಲ್ಲೇ ಸಿಕ್ಕಿ ಪೆಚ್ಚಾದೆ. ಬದುಕು, ದೈವ, ಮನುಷ್ಯಸ್ವಭಾವಗಳ ಕುರಿತು ಹಿಂದಿನ ದೊಡ್ಡ ಲೇಖಕರದೆಂದು ನಾವು ಬರೆದಿಟ್ಟುಕೊಳ್ಳುವ ಮಾತುಗಳೆಲ್ಲ ಹೀಗೆ ಬೇರು ಕಿತ್ತವುಗಳೇ? ಕೃತಿಯನ್ನು ಓದದವನಿಗೆ ಅವುಗಳಿಂದ ನಿಜವಾದ ಪ್ರಯೋಜನವಿದೆಯೇ? ಬಲ್ಲವರು ತಿಳಿಸಬೇಕಾಗಿ ವಿನಂತಿ.

ಉತ್ತರ 1

ತಾವು ಅಷ್ಟೊಂದು ಪೆಚ್ಚಾಗಬೇಕಿಲ್ಲ, ಏಕೆಂದರೆ ಪ್ಯಾಸ್ಕಲನ ವಿಷಯದಲ್ಲಿ ಮುಗಿದ ಕೃತಿ ಎಂಬುದೇ ಇಲ್ಲ. ಕ್ರೈಸ್ತಧರ್ಮವನ್ನು ಸಮರ್ಥಿಸುವ ಗ್ರಂಥವೊಂದಕ್ಕಾಗಿ ಅವನು ಟಿಪ್ಪಣಿಗಳನ್ನು ಗೀಚಿ, ದೊಡ್ಡ ಹಾಳೆಗಳನ್ನು ಕತ್ತರಿಸಿ, ಕೆಲವನ್ನು ಕಟ್ಟುಗಳಾಗಿ ಹೊಲಿದಿಟ್ಟಿದ್ದ. 1662ರಲ್ಲಿ, 39ನೆಯ ವಯಸ್ಸಿನಲ್ಲಿ ತೀರಿಕೊಂಡ. 1670ರಲ್ಲಿ ಅಚ್ಚಾದದ್ದು ಬೇರೆಯವರು ಜೋಡಿಸಿದ ಪುಸ್ತಕ. ಆಮೇಲೆ ಬಂದ ಬ್ರುನ್‌ಶ್ವಿಗ್, ಲಫ್ಯೂಮಾ, ಸೆಲಿಯೆ ಮೊದಲಾದ ಸಂಪಾದಕರಲ್ಲಿ ಒಬ್ಬರು ಟಿಪ್ಪಣಿಗಳಿಗೆ ಕೊಟ್ಟ ಕ್ರಮಸಂಖ್ಯೆ ಇನ್ನೊಬ್ಬರದಕ್ಕೆ ಹೊಂದುವುದಿಲ್ಲ.

ಆದರೂ ಆ ಮಾತು ದೈವದ ಕುರಿತದ್ದೇ. ಅದೇ ಟಿಪ್ಪಣಿಯ ಮುಂದಿನ ಸಾಲಿನಲ್ಲಿ, ಹೃದಯವು ವಿಶ್ವಾತ್ಮಕವಾದ ಸತ್ತೆಯನ್ನೂ (ಅಂದರೆ ದೇವರನ್ನೂ) ಸಹಜವಾಗಿ ಪ್ರೀತಿಸುತ್ತದೆ, ತನ್ನನ್ನೂ ಸಹಜವಾಗಿ ಪ್ರೀತಿಸಿಕೊಳ್ಳುತ್ತದೆ, ಎರಡರಲ್ಲಿ ಯಾವುದರ ವಿಷಯದಲ್ಲಿ ಕಲ್ಲಾಗಬೇಕೆಂಬುದು ಅದರ ಆಯ್ಕೆ ಎಂದಿದ್ದಾನೆ. ಮಾತಿನ ಬೇರನ್ನೇ ನೋಡಬೇಕೆಂದಿದ್ದರೆ ಅವನ ಅಂಗಿಯ ಒಳಪದರದಲ್ಲಿ ನೋಡಬೇಕು. 1654ರ ನವೆಂಬರ್ 23ರ ರಾತ್ರಿ, ಸುಮಾರು ಹತ್ತೂವರೆಯಿಂದ ಹನ್ನೆರಡೂವರೆಯವರೆಗೆ, ತನಗಾದ ಅನುಭವವನ್ನು ಅವನು "ಬೆಂಕಿ" ಎಂಬ ಒಂದೇ ಪದದಿಂದ ಆರಂಭಿಸಿ ಬರೆದಿಟ್ಟ. ಅಬ್ರಹಾಮನ ದೇವರು, ತತ್ತ್ವಜ್ಞಾನಿಗಳ ಮತ್ತು ಪಂಡಿತರ ದೇವರಲ್ಲ, ಎಂಬ ಮಾತು ಅದರಲ್ಲಿದೆ. ಅವನು ಸತ್ತ ಮೇಲೆ ಆ ಬರಹ ಉಡುಪಿನೊಳಗೆ ಹೊಲಿದ ಸ್ಥಿತಿಯಲ್ಲಿ ಸೇವಕನ ಕೈಗೆ ಸಿಕ್ಕಿತು. ಗಣಿತಜ್ಞನೊಬ್ಬ ಎಂಟು ವರ್ಷ ಯಾರಿಗೂ ಹೇಳದೆ ಹೊತ್ತು ತಿರುಗಿದ್ದನ್ನು ತಿಳಿದ ಮೇಲೆ, ಬುದ್ಧಿಗೆ ತಿಳಿಯದ ಕಾರಣ ಎಂಬುದು ನನಗಂತೂ ಅಲಂಕಾರದ ಮಾತಾಗಿ ಉಳಿಯಲಿಲ್ಲ.

ಉತ್ತರ 2

ಎಲ್ಲರನ್ನೂ ಒಂದೇ ತಕ್ಕಡಿಯಲ್ಲಿ ತೂಗಬಾರದು. ಪ್ಯಾಸ್ಕಲನ ಕಾಲದವನೇ ಆದ ಫ್ರೆಂಚ್ ಲೇಖಕ ಲಾ ರೋಶ್‌ಫುಕೋ ತನ್ನ ಸೂಕ್ತಿಗಳನ್ನು ಬಿಡಿಬಿಡಿಯಾಗಿ ನಿಲ್ಲಲೆಂದೇ ಬರೆದವನು. 1665ರಿಂದ 1678ರವರೆಗಿನ ಐದು ಮುದ್ರಣಗಳಲ್ಲಿ ಅವನ್ನು ಕಡೆದು, ತಿದ್ದಿ, ಕೆಲವನ್ನು ಕೈಬಿಟ್ಟು, ಕೊನೆಗೆ 504ಕ್ಕೆ ನಿಲ್ಲಿಸಿದ. ಬೇರೆಯವರ ಕಷ್ಟವನ್ನು ತಾಳಿಕೊಳ್ಳುವಷ್ಟು ಶಕ್ತಿ ನಮಗೆಲ್ಲರಿಗೂ ಇದೆ ಎಂದು ಅವನು ಹೇಳುವಾಗ ಹಿಂದುಮುಂದಿನ ಪುಟಗಳನ್ನು ಹುಡುಕುವ ಅಗತ್ಯವೇನಿದೆ?

ಉತ್ತರ 3

ಕಿತ್ತ ಬೇರು ಬೇರೆ ಮಣ್ಣಿನಲ್ಲಿ ಹಿಡಿಯುವುದೂ ಉಂಟು. ರಷ್ಯದಲ್ಲಿ ಸೆನ್ಸಾರಿನವರು ತಡೆದು, 1884ರಲ್ಲಿ ಜಿನೀವಾದಲ್ಲಿ ಅಚ್ಚಾದ ಟಾಲ್‌ಸ್ಟಾಯ್ ಅವರ 'ತಪ್ಪೊಪ್ಪಿಗೆ' ಎಂಬ ಕೃತಿಯಲ್ಲಿ ಪೂರ್ವದೇಶದ ಕಥೆಯೆಂದು ಒಂದು ದೃಷ್ಟಾಂತ ಬರುತ್ತದೆ. ಮೃಗಕ್ಕೆ ಹೆದರಿದ ಪಯಣಿಗನೊಬ್ಬ ಬಾವಿಗಿಳಿದು ಕೊಂಬೆಯೊಂದನ್ನು ಹಿಡಿದು ನೇತಾಡುತ್ತಾನೆ. ಕೆಳಗೆ ಬಾಯ್ದೆರೆದ ಸರ್ಪ, ಕೊಂಬೆಯನ್ನು ಕಡಿಯುತ್ತಿರುವ ಒಂದು ಬಿಳಿ, ಒಂದು ಕಪ್ಪು ಇಲಿ, ಎಲೆಗಳ ಮೇಲೆ ನಾಲ್ಕಾರು ಹನಿ ಜೇನು. ನಮಗಿದು ಹಳೆಯ ಪರಿಚಯ: ಮಹಾಭಾರತದ ಸ್ತ್ರೀಪರ್ವದಲ್ಲಿ ಮಕ್ಕಳನ್ನೆಲ್ಲ ಕಳೆದುಕೊಂಡ ಧೃತರಾಷ್ಟ್ರನಿಗೆ ವಿದುರ ಹೇಳುವ ಕಥೆಯಿದು. (ಕುಮಾರವ್ಯಾಸ ಗದಾಪರ್ವಕ್ಕೇ ನಿಲ್ಲಿಸಿದ್ದರಿಂದ ಅವನ ಓದುಗರಿಗೆ ಇದು ದಕ್ಕುವುದಿಲ್ಲ.) ಬುದ್ಧನ ಚರಿತೆಯೇ ಕ್ರೈಸ್ತ ಸಂತರ ಕಥೆಯಾಗಿ ವೇಷ ಬದಲಿಸಿಕೊಂಡ ಬರ್ಲಾಮ್ ಮತ್ತು ಜೋಸಫಾತರ ಕಥೆಯ ಜೊತೆಗೆ ಈ ಬಾವಿಯೂ ಯುರೋಪನ್ನು ಸೇರಿತು.

ಗಮನಿಸಬೇಕಾದದ್ದು ಜೇನನ್ನು. ವಿದುರನ ಕಥೆಯಲ್ಲಿ ಅದರ ಸವಿ ಕಡಿಮೆಯಾಗುವುದೇ ಇಲ್ಲ. ಎಷ್ಟು ಕುಡಿದರೂ ತೃಪ್ತಿಯಿಲ್ಲದೆ, ಅಂಥ ಸ್ಥಿತಿಯಲ್ಲೂ ಬದುಕಿನ ಆಸೆ ಬಿಡದಿರುವುದೇ ಅಲ್ಲಿನ ಬೆರಗು. ಟಾಲ್‌ಸ್ಟಾಯ್ ಅವರ ಸಂಕಟ ಅದಕ್ಕೆ ತದ್ವಿರುದ್ಧ: ಕುಟುಂಬದ ಪ್ರೀತಿ, ಬರವಣಿಗೆಯ ಪ್ರೀತಿ ಎಂಬ ಎರಡೇ ಹನಿಗಳು ತಮ್ಮನ್ನು ಬಹುಕಾಲ ಮರೆಸಿದ್ದವು, ಈಗ ಅವೂ ಸಿಹಿಯಾಗಿಲ್ಲ ಎನ್ನುತ್ತಾರೆ. ಒಬ್ಬರದು ಸವಿ ಬಿಡದವನ ಕಥೆ, ಇನ್ನೊಬ್ಬರದು ಸವಿ ಹೋದವನ ಕಥೆ. ಬಾವಿ ಮಾತ್ರ ಒಂದೇ. ಟಾಲ್‌ಸ್ಟಾಯ್ ಮೂಲಕ್ಕೆ ನಿಷ್ಠರಾಗಿದ್ದಿದ್ದರೆ ಈ ಎರಡನೆಯ ಅರ್ಥ ನಮಗೆ ಸಿಗುತ್ತಿತ್ತೇ?

ಪ್ರಶ್ನೆ ಕೇಳಿದವರು

ಎಲ್ಲರಿಗೂ ಕೃತಜ್ಞ. ಸೂಕ್ತಿಯಾಗಿ ಕಿತ್ತುಕೊಳ್ಳಲು ಒಗ್ಗದಂಥದ್ದು, ನಿಧಾನವಾಗಿಯೇ ಓದಬೇಕಾದದ್ದು ಯಾವುದಾದರೂ ಇದ್ದರೆ ಸೂಚಿಸಿ.

ಉತ್ತರ 1

ಪ್ರಾಚೀನ ಕ್ರೈಸ್ತ ಸಂತ, ಬಿಷಪ್ ಅಗಸ್ಟೀನನ 'ನಿವೇದನೆಗಳು' ಎಂಬ ಆತ್ಮಕಥೆಯ ಎರಡನೆಯ ಭಾಗವನ್ನು ನೋಡಿ. ಹದಿನಾರನೆಯ ವಯಸ್ಸಿನಲ್ಲಿ ಗೆಳೆಯರೊಡನೆ ಪಿಯರ್ ಹಣ್ಣು ಕದ್ದದ್ದು ಅಲ್ಲಿದೆ: ಹಸಿವಿರಲಿಲ್ಲ, ಅದಕ್ಕಿಂತ ಒಳ್ಳೆಯ ಹಣ್ಣು ತನ್ನಲ್ಲೇ ಇತ್ತು, ಕದ್ದದ್ದನ್ನು ಹಂದಿಗಳಿಗೆ ಎಸೆದದ್ದಾಯಿತು. ಹಾಗಾದರೆ ಕದ್ದದ್ದೇಕೆ ಎಂದು ನಡುವಯಸ್ಸಿನ ಬಿಷಪ್ ಪುಟಗಟ್ಟಲೆ ತನ್ನನ್ನೇ ಜಾಲಾಡುತ್ತಾನೆ. ಒಬ್ಬನೇ ಇದ್ದಿದ್ದರೆ ಕದಿಯುತ್ತಿರಲಿಲ್ಲ ಎಂಬಲ್ಲಿಗೆ ಬಂದರೂ ಅವನಿಗೆ ಸಮಾಧಾನವಾಗುವುದಿಲ್ಲ.