ವೆನಿಸ್‌ನಲ್ಲಿ ದೋಣಿಗೆ ಹುಟ್ಟು ಹಾಕುವುದು ಈಗ ಬರೀ ಪ್ರವಾಸಿಗರಿಗಾ?

ಕೆರೆದಂಡೆ: ವೆನಿಸ್‌ಗೆ ಹೋದವರೆಲ್ಲ ಗೊಂಡೊಲ (ಅಲ್ಲಿನ ಉದ್ದನೆಯ ಹುಟ್ಟಿನ ದೋಣಿ) ಫೋಟೊ ಹಾಕುತ್ತಾರೆ. ಅರ್ಧ ಗಂಟೆಗೆ 90 ಯೂರೊ! 1881ರಲ್ಲೇ ಊರ ನಡುವಿನ ದೊಡ್ಡ ಕಾಲುವೆ ಗ್ರ್ಯಾಂಡ್ ಕೆನಾಲ್‌ಗೆ ಉಗಿದೋಣಿ ಬಂತು. ಈಗ ತರಕಾರಿ, ಕಸ, ಆಂಬುಲೆನ್ಸ್, ಫೈರ್ ಎಂಜಿನ್ ಎಲ್ಲವೂ ಮೋಟಾರ್ ದೋಣಿಯೇ. ಹಾಗಿದ್ದ ಮೇಲೆ ಅಲ್ಲಿನ ಜನಕ್ಕೆ ಹುಟ್ಟು ಯಾಕೆ ಬೇಕು? ಪ್ರವಾಸಿಗರಿಗಾಗಿ ಆಡುವ ನಾಟಕ ಅಲ್ವಾ?

ಮಲ್ಪೆಗಾಳಿ: ಗೊಂಡೊಲ ಒಂದನ್ನೇ ನೋಡಿದರೆ ಹಾಗೇ ಅನಿಸುತ್ತದೆ ಮಾರಾಯ್ರೆ. ಊರಿನವರು ಹುಟ್ಟು ಹಾಕುವುದು ಮಸ್ಕರೆಟ, ಸಾಂಡೊಲೊ, ಕಾವೊರ್ಲಿನ ಅಂತ ಬೇರೆ ದೋಣಿಗಳಲ್ಲಿ. ಅದಕ್ಕೇ ಕ್ಲಬ್‌ಗಳಿವೆ. ನಿಂತುಕೊಂಡು, ಮುಂದಕ್ಕೆ ಮುಖ ಮಾಡಿ ಹಾಕುತ್ತಾರೆ, ಯಾಕಂದರೆ ಊರಿನ ಸುತ್ತಲಿನ ಹಿನ್ನೀರು, ಅಂದರೆ ಲಗೂನ್‌ನಲ್ಲಿ ತುಂಬಾ ಕಡೆ ಆಳವೇ ಇಲ್ಲ, ಎಲ್ಲಿ ನೀರಿದೆ ಎಲ್ಲಿ ಕೆಸರಿದೆ ಅಂತ ಕಣ್ಣಲ್ಲಿ ನೋಡುತ್ತಲೇ ಹೋಗಬೇಕು. ಹುಟ್ಟನ್ನು ಯಾವುದಕ್ಕೂ ಕಟ್ಟಿರುವುದಿಲ್ಲ. ಅಕ್ರೋಟು ಮರದ ಒಂದೇ ತುಂಡಿನಲ್ಲಿ ಕೆತ್ತಿದ ಫೋರ್ಕೊಲ ಅನ್ನುವ ಆಸರೆ ಇರುತ್ತದೆ, ಅದರ ಮೇಲೆ ಸುಮ್ನೆ ಒರಗಿಸುವುದು. ಮುಂದೆ ಹೋಗಲು ಅದರಲ್ಲಿ ಒಂದು ಜಾಗ, ಹಿಂದೆ ಬರಲು ಇನ್ನೊಂದು. ತಳ್ಳಿದ ಮೇಲೆ ಹುಟ್ಟನ್ನು ಪೂರ್ತಿ ಎತ್ತುವ ಹಾಗಿಲ್ಲ, ನೀರಲ್ಲೇ ಓರೆ ಮಾಡಿ ವಾಪಸ್ ಎಳೆಯಬೇಕು, ದಿಕ್ಕು ಸರಿಯಾಗುವುದೇ ಆಗ. ಹೊಸಬರ ಕೈಯಲ್ಲಿ ಹುಟ್ಟು ಪಟಕ್ಕನೆ ಜಾರಿ ಹೊರಗೆ ಬರುತ್ತದೆ. ನಾಟಕಕ್ಕೆ ಇಷ್ಟು ಕಷ್ಟ ಯಾರು ಪಡುತ್ತಾರೆ?

ಬಡಗಿಮಗ: ಗೊಂಡೊಲದ ಬಗ್ಗೆ ಒಂದು ಮಾತು. ಅದು ಹುಟ್ಟುವಾಗಲೇ ಸೊಟ್ಟ. ಎಡಭಾಗ ಬಲಭಾಗಕ್ಕಿಂತ ಸುಮಾರು 24 ಸೆಂ.ಮೀ. ಅಗಲ. ಒಬ್ಬನೇ ಬಲಗಡೆ ಹುಟ್ಟು ಹಾಕಿದರೆ ದೋಣಿ ಎಡಕ್ಕೆ ಎಳೆಯುತ್ತದಲ್ಲ, ಅದನ್ನು ಈ ಸೊಟ್ಟವೇ ತಡೆಯುತ್ತದೆ. ಯಾವ ಕಾಲದ ಲೆಕ್ಕಾಚಾರ ನೋಡಿ!

ನಂಜನಗೂಡು_ಹುಡುಗ: ಕಲೆ ಚೆನ್ನಾಗಿದೆ ಸರ್, ಆದರೆ ಹಾಕುವವರು ಎಲ್ಲಿದ್ದಾರೆ? 1951ರಲ್ಲಿ ಹಳೇ ಊರಿನಲ್ಲಿ ಸುಮಾರು 1.75 ಲಕ್ಷ ಜನ. ಈಗ 50 ಸಾವಿರಕ್ಕಿಂತ ಕಡಿಮೆ. ಮನೆಗಳೆಲ್ಲ ಪ್ರವಾಸಿಗರ ಬಾಡಿಗೆಗೆ ಹೋಗಿವೆ, ಮಕ್ಕಳಿರುವ ಸಂಸಾರಗಳು ದಡದ ಮೆಸ್ತ್ರೆ ಕಡೆ ಹೊರಟಿವೆ. ಬೀದಿಯ ದಿನಸಿ ಅಂಗಡಿ ಹೋಗಿ ಮುಖವಾಡದ ಅಂಗಡಿ ಬಂದರೆ ಕ್ಲಬ್ ಕಟ್ಟಿಕೊಂಡು ಏನು ಮಾಡುವುದು?

ಮಲ್ಪೆಗಾಳಿ: ಅದಕ್ಕೇ ತಾನೆ ಜನ ನೀರಿಗೆ ಇಳಿದದ್ದು? 1975ರಲ್ಲಿ ವೋಗಾಲೊಂಗ ಶುರುವಾಯಿತು, ಸುಮಾರು 30 ಕಿ.ಮೀ. ಹುಟ್ಟಿನಲ್ಲೇ ಲಗೂನ್ ಸುತ್ತುವುದು. ಸ್ಪರ್ಧೆಯಲ್ಲ. ಮೋಟಾರ್ ಎಬ್ಬಿಸುವ ಅಲೆ ಮನೆಗಳ ಬುಡ ತಿನ್ನುತ್ತಿದೆ ಅಂತ ಹೇಳಲು ಹೊರಟದ್ದು. 2021ರಲ್ಲಿ ದೊಡ್ಡ ಕ್ರೂಸ್ ಹಡಗುಗಳನ್ನು ಜುದೆಕ್ಕಾ ಕಾಲುವೆಯಿಂದ ಹೊರಗೆ ಹಾಕಿದ್ದೂ ಹೀಗೆ ಗಲಾಟೆ ಮಾಡಿ ಮಾಡಿಯೇ.

ನಂಜನಗೂಡು_ಹುಡುಗ: ಕ್ರೂಸ್ ಸರಿ. ಆದರೆ ದಿನಾ ಅಲೆ ಎಬ್ಬಿಸುವುದು ಟ್ಯಾಕ್ಸಿ ಮತ್ತು ಸರಕಿನ ದೋಣಿ. ಊರಿನವರ ಸ್ವಂತ ಮೋಟಾರೂ ಸೇರಿದೆ. ಭಾನುವಾರ ಹುಟ್ಟು ಹಿಡಿದು ಪ್ರತಿಭಟನೆ, ಸೋಮವಾರ ಮೋಟಾರ್‌ನಲ್ಲಿ ಕೆಲಸಕ್ಕೆ. ಆ ಅಲೆಯಲ್ಲಿ ನಿಂತು ಹುಟ್ಟು ಹಾಕುವವನ ಗತಿ ಏನು?

ಸುಮಾ_ಎಸ್: ಇಬ್ಬರೂ ಗಂಡಸರ ಲೆಕ್ಕವೇ ಹಾಕುತ್ತಿದ್ದೀರಿ 😄 ಸೆಪ್ಟೆಂಬರ್ ಮೊದಲ ಭಾನುವಾರದ ದೋಣಿ ಓಟದ ಹಬ್ಬ ರೆಗಾಟ ಸ್ತೋರಿಕದಲ್ಲಿ ಮಸ್ಕರೆಟ ಓಟ ಹೆಂಗಸರದ್ದೇ. ಆದರೂ ಗೊಂಡೊಲ ಲೈಸೆನ್ಸ್ ಮೊದಲ ಹೆಣ್ಣಿಗೆ, ಜೋರ್ಜಿಯಾ ಬೊಸ್ಕೊಲೊಗೆ, ಸಿಕ್ಕಿದ್ದು 2010ರಲ್ಲಿ! ಕಲೆ ಸಾಯುತ್ತಿದೆ ಅಂತ ಅಳುವವರು ಅಲ್ಲಿವರೆಗೆ ಅರ್ಧ ಊರನ್ನು ಯಾಕೆ ಹೊರಗಿಟ್ಟಿದ್ದರು?

ಕೆರೆದಂಡೆ: ಒಳ್ಳೇ ಮಾತು ಅಕ್ಕ. ದಿನನಿತ್ಯಕ್ಕೆ ಹುಟ್ಟು ಇನ್ನೂ ಎಲ್ಲಾದರೂ ಉಳಿದಿದೆಯಾ? ಮುಂದಿನ ವರ್ಷ ಹೋಗುವ ಯೋಚನೆ ಇದೆ.

ಸುಮಾ_ಎಸ್: ಇದೆ, ತ್ರಾಗೆಟ್ಟೊ. ಗ್ರ್ಯಾಂಡ್ ಕೆನಾಲ್‌ಗೆ ಇರುವುದೇ ನಾಲ್ಕು ಸೇತುವೆ. ನಡುವೆ ದಾಟಲು ಇಬ್ಬರು ಹುಟ್ಟು ಹಾಕುವ ಸಾದಾ ಗೊಂಡೊಲ ಇರುತ್ತದೆ, ನಮಗೆ 2 ಯೂರೊ, ಊರಿನವರಿಗೆ ಇನ್ನೂ ಕಡಿಮೆ. ರಿಯಾಲ್ಟೊ ಮೀನು ಮಾರುಕಟ್ಟೆ ಎದುರು ಸಾಂತಾ ಸೋಫಿಯಾದಲ್ಲಿ ಹತ್ತಿ. ಬೆಳಿಗ್ಗೆ ಹೋಗಿ, ಚಿಲ್ಲರೆ ಇಟ್ಟುಕೊಳ್ಳಿ.