ಸಮಸ್ಯೆ: ನಾನಿಲ್ಲದೆಡೆಯಲ್ಲಿ ನಾನಿರುವೆನು

ಪೃಚ್ಛಕ: ಗೆಳೆಯರೇ, ಈ ಸಲದ ಸಮಸ್ಯೆ ಇದು. ಒಂದು ಸಾಲು ನನ್ನದು, ಉಳಿದ ಸಾಲು ಬರೆದು ಪದ್ಯ ಮುಗಿಸುವುದು, ಅಂದರೆ ಪೂರಣ, ನಿಮ್ಮದು.

ನಾನಿಲ್ಲದೆಡೆಯಲ್ಲಿ ನಾನಿರುವೆನು

ಪಂಚಮಾತ್ರಾ ಚೌಪದಿ. ಒಂದು, ಮೂರನೇ ಸಾಲಿಗೆ ಐದು ಮಾತ್ರೆಯ ನಾಲ್ಕು ಗಣ. ಎರಡು, ನಾಲ್ಕಕ್ಕೆ ಮೂರು ಗಣ, ಮೇಲೊಂದು ಗುರು (ಎರಡು ಮಾತ್ರೆಯ ಅಕ್ಷರ). ಈ ಎರಡು ಸಾಲುಗಳ ಕೊನೆಯ ಲಘುವನ್ನು (ಒಂದು ಮಾತ್ರೆಯದನ್ನು) ಗುರು ಅಂತಲೇ ಎಣಿಸೋಣ. ಪ್ರಾಸಾಕ್ಷರ, ಅಂದರೆ ಪ್ರತಿ ಸಾಲಿನ ಎರಡನೇ ಅಕ್ಷರ, ನ. ಅದರ ಹಿಂದೆ ದೀರ್ಘ ಇರಬೇಕು, ಅಂದರೆ ಗಜಪ್ರಾಸ. ಕೊಟ್ಟ ಸಾಲು ನಾಲ್ಕನೆಯದಾಗಿ ಬರಲಿ.

ಇಲ್ಲದ ಕಡೆ ಇರುವುದು ಹೇಗೆ ಅನ್ನೋದೇ ಗಂಟು. ಅದ್ವೈತದ ದಾರಿಯಲ್ಲಿ ಬಿಡಿಸಿ. ಆದರೆ ಮೂರು ಬಾಗಿಲು ಮುಚ್ಚಿದ್ದೇನೆ. ಹಗ್ಗವನ್ನು ಹಾವೆಂದು ಕಾಣುವ ಹಳೆಯ ಹೋಲಿಕೆ ಬೇಡ. ಅಲೆ-ಕಡಲು ಬೇಡ. ಕನಕದಾಸರ “ನಾನು ಹೋದರೆ ಹೋದೇನು” ಅಂತೂ ಬೇಡವೇ ಬೇಡ. ಆ ಉತ್ತರ ಎಲ್ಲರಿಗೂ ಬಾಯಿಪಾಠ. ಅದನ್ನೇ ಛಂದಸ್ಸಿಗೆ ಇಳಿಸಿದರೆ ಪೂರಣ ಅನ್ನಿಸಿಕೊಳ್ಳುವುದಿಲ್ಲ.

ಅರೆನಿದ್ದೆ: ನನ್ನದು ಮೊದಲ ಬೋಣಿ.

ಬಾನಿಲ್ಲ ಬುವಿಯಿಲ್ಲ ಕನಸಿಲ್ಲ ನಿದ್ದೆಯಲಿ
ಏನೊಂದು ಹೆಸರಿಲ್ಲ, ಸುಖ ಮಾತ್ರವೆ
ತಾನೆದ್ದು ಮುಂಜಾನೆ ಸಾಕ್ಷಿ ನುಡಿವವನಾರು?
ನಾನಿಲ್ಲದೆಡೆಯಲ್ಲಿ ನಾನಿರುವೆನು

ಗಣಗುಮಾಸ್ತ: ಗಣ, ಪ್ರಾಸ ಎರಡೂ ಸರಿ ಇವೆ. ಮೂರನೇ ಸಾಲು ಚೆನ್ನಾಗಿದೆ. ಒಂದೇ ತಕರಾರು. ಸಮಸ್ಯೆ ಕೇಳಿದ್ದು ಜಾಗ, ನೀವು ಕೊಟ್ಟಿದ್ದು ಹೊತ್ತು.

ಅರೆನಿದ್ದೆ: ಗುಮಾಸ್ತರೇ, ಮಾಂಡೂಕ್ಯ ತೆಗೆದು ನೋಡಿ. ಎಚ್ಚರ, ಕನಸು, ಗಾಢನಿದ್ದೆ ಮೂರನ್ನೂ ಅಲ್ಲಿ ‘ಸ್ಥಾನ’ ಅಂತಲೇ ಕರೆದಿದ್ದಾರೆ. ಉಪನಿಷತ್ತೇ ಜಾಗ ಅಂದಮೇಲೆ ನಿಮ್ಮದೇನು?

ಗಣಗುಮಾಸ್ತ: ಸರಿ ಸ್ವಾಮಿ, ತಕರಾರು ವಾಪಸ್.

ತರ್ಕದ ತಕ್ಕಡಿ: ನನ್ನದು ಇನ್ನೂ ಇದೆ. “ಸುಖವಾಗಿ ಮಲಗಿದ್ದೆ, ಏನೂ ಗೊತ್ತಾಗಲಿಲ್ಲ” ಅಂತ ಎದ್ದವನು ಹೇಳುತ್ತಾನೆ. ವೇದಾಂತಿಗಳ ಪ್ರಕಾರ ಅದು ನೆನಪು. ಅನುಭವ ಇಲ್ಲದೆ ನೆನಪು ಬಾರದು, ಹಾಗಾಗಿ ನಿದ್ದೆಯಲ್ಲೂ ಸಾಕ್ಷಿ ಇದ್ದ. ನೈಯಾಯಿಕರು, ಅಂದರೆ ನ್ಯಾಯದರ್ಶನದ ತಾರ್ಕಿಕರು, ಇದನ್ನು ಒಪ್ಪುವುದಿಲ್ಲ. ಅದು ನೆನಪಲ್ಲ, ಎದ್ದ ಮೇಲೆ ಮಾಡಿದ ಊಹೆ ಅನ್ನುತ್ತಾರೆ. ಮೈ ಹಗುರ ಇದೆ, ಹಾಗಾದರೆ ನಿದ್ದೆ ಚೆನ್ನಾಗಿ ಆಗಿರಬೇಕು, ಅಷ್ಟೇ. ನಿಮ್ಮ ಸಾಕ್ಷಿಯ ಹೇಳಿಕೆ ಅಲ್ಲಿಗೆ ಬಿತ್ತು.

ಅರೆನಿದ್ದೆ: ಊಹೆ ಅಂತಲೇ ಇಟ್ಟುಕೊಳ್ಳಿ. ಚೆನ್ನಾಗಿ ಮಲಗಿದ್ದೆನೋ ಇಲ್ಲವೋ ಅಂತ ಊಹಿಸಬಹುದು. ಮಲಗಿದ್ದವನು ನಾನೋ, ಪಕ್ಕದವನೋ ಅಂತ ಯಾರಾದರೂ ಊಹೆ ಮಾಡುತ್ತಾರಾ?

ಪೃಚ್ಛಕ: ಈ ಜಗಳ ನಮಗಿಂತ ತುಂಬಾ ಹಳೆಯದು. ಇಲ್ಲಿ ತೀರುವುದಿಲ್ಲ. ಪೂರಣ ಗೆದ್ದಿದೆ, ಮುಂದೆ ಹೋಗೋಣ.

ಹತ್ತನೆಯವ: ಹೊಳೆ ದಾಟಿ, ತನ್ನನ್ನೇ ಬಿಟ್ಟು ಎಣಿಸಿ, ಒಬ್ಬ ಕಮ್ಮಿ ಅಂತ ಅತ್ತ ಹತ್ತು ಜನರ ಕಥೆ ಹಿಡಿದಿದ್ದೇನೆ. ಮುಚ್ಚಿದ ಬಾಗಿಲಲ್ಲಿ ಇದು ಇಲ್ಲ, ಅಲ್ವಾ?

ಏನಾಯ್ತು ಹತ್ತನೆಯ ತಲೆಯೆಂದು ಮರುಗಿದೆನು
ಮೀನು ನುಂಗಿತೊ ಹೊಳೆಯ ದಾಟುವಾಗ
ನಾನೆಣಿಸುವವನೆಂಬ ಲೆಕ್ಕವನೆ ಮರೆತಿದ್ದೆ
ನಾನಿಲ್ಲದೆಡೆಯಲ್ಲಿ ನಾನಿರುವೆನು

ಗಣಗುಮಾಸ್ತ: ಶಂಕರರ ಉಪದೇಶಸಾಹಸ್ರಿಯಲ್ಲೂ ವಿದ್ಯಾರಣ್ಯರ ಪಂಚದಶಿಯಲ್ಲೂ ಬರುವ ಹತ್ತನೆಯವನು. ಮೀನು ಮಾತ್ರ ನಿಮ್ಮದೇ, ಅದಕ್ಕೆ ಶಭಾಷ್. ಕಾಣದವನಿಗಾಗಿ ಅಳುವ ಪೆದ್ದುತನ ಆ ಒಂದು ಮೀನಿನಿಂದ ಕಣ್ಣಿಗೆ ಕಟ್ಟುತ್ತದೆ.

ಹೊಸ ಕಲಿಕೆ: ಹಿರಿಯರೇ, ಹೆದರುತ್ತಲೇ ಹಾಕುತ್ತಿದ್ದೇನೆ. ಸಂಗೀತ ಕೇಳುವಾಗ ಹೊಳೆದದ್ದು.

ಗಾನದಲಿ ಮೈಮರೆತೆ, ಕೇಳುವವ ಕರಗಿದನು
ತಾನವಿತ್ತು ಗಾಯಕನು ಇರಲಿಲ್ಲ
ಮೌನ ಮರಳಿದ ಮೇಲೆ ಮತ್ತೆ ಬಂದಿತು ಹೆಸರು
ನಾನಿಲ್ಲದೆಡೆಯಲ್ಲಿ ನಾನಿರುವೆನು

ಗಣಗುಮಾಸ್ತ: ಭಾವ ಸೊಗಸು. ಎರಡನೇ ಸಾಲು ಕುಂಟುತ್ತಿದೆ, ಜೋರಾಗಿ ಓದಿ ನೋಡಿ. ಮಾತ್ರೆ ಎಣಿಸಿದರೆ ಸರಿಯೇ ಇದೆ: ತಾನವಿತ್ | ತುಗಾಯಕ | ನುಇರಲಿಲ್ | ಲ. ಆದರೆ ಎರಡನೇ ಗಣ ‘ತುಗಾ’ ಅಂತ ಲಘು-ಗುರುವಿನಿಂದ ಶುರುವಾಗಿದೆ. ಅಲ್ಲೇ ನಡೆ ಎಡವುತ್ತದೆ. ‘ಗಾಯಕನು ಇರಲಿಲ್ಲ’ದಲ್ಲಿ ಸಂಧಿಯನ್ನೂ ಬಿಟ್ಟಿದ್ದೀರಿ. ಹೀಗೆ ಮಾಡಿದರೆ ಹೇಗೆ?

ತಾನವುಳಿಯಿತು ಹಾಡುವವನಿಲ್ಲದೆ

ಹೊಸ ಕಲಿಕೆ: ಎಷ್ಟು ಸಲೀಸಾಯಿತು! ಹಾಗೇ ಇಟ್ಟುಕೊಳ್ಳುತ್ತೇನೆ ಗುಮಾಸ್ತರೇ.

ಅರೆನಿದ್ದೆ: ಮೂರನೇ ಸಾಲು ಮುಟ್ಟಬೇಡಿ. ಮೊದಲು ಹೆಸರು ಮರಳುತ್ತದೆ, ಅದರ ಹಿಂದೆಯೇ ‘ನಾನು ಕೇಳಿದೆ’ ಅನ್ನುವವನು ಬಂದು ಕೂರುತ್ತಾನೆ. ನನ್ನ ನಿದ್ದೆಗಿಂತ ಇದು ಒಳ್ಳೆಯ ಉದಾಹರಣೆ. ಇಲ್ಲಿ ಎಚ್ಚರವೂ ಇದೆ.

ತುಂಟಪ್ರಾಸ: ಎಲ್ಲರೂ ಜಾಸ್ತಿ ಗಂಭೀರ ಆಗಿದ್ದೀರಿ. ತಗೊಳ್ಳಿ.

ಮಾನ ಕಳೆವರು ನನ್ನ ಬೆನ್ನಹಿಂದೆಯೆ ಸೇರಿ
ಆನೆಯಾಗುವುದಿರುವೆ ಬಾಯಿಗಳಲಿ
ಮೌನದಲಿ ಮನೆಯೊಳಗೆ ಮಲಗಿರುವೆನಾದರೂ
ನಾನಿಲ್ಲದೆಡೆಯಲ್ಲಿ ನಾನಿರುವೆನು

ಹೊಸ ಕಲಿಕೆ: ಹೊಟ್ಟೆ ಹುಣ್ಣಾಗುವಷ್ಟು ನಕ್ಕೆ!

ತರ್ಕದ ತಕ್ಕಡಿ: ನಗು ಬಂತು, ಒಪ್ಪಿದೆ. ಅದ್ವೈತ ಎಲ್ಲಿದೆ ಇದರಲ್ಲಿ? ಸುಮ್ನೆ ಹರಟೆ.

ಪೃಚ್ಛಕ: ನನಗೆ ಹಾಗೆ ಅನ್ನಿಸುತ್ತಿಲ್ಲ. ಇಲ್ಲಿಯವರೆಗೆ ಬಂದದ್ದರಲ್ಲಿ ಅಹಂಕಾರದ ಬುಡಕ್ಕೆ ಕೈ ಹಾಕಿದ ಪದ್ಯ ಇದೇ. ಹತ್ತು ಜನ ಸೇರಿ ಬೆನ್ನ ಹಿಂದೆ ಕಟ್ಟಿದ ‘ನಾನು’ ಸುಳ್ಳು ಅಂತ ಎಲ್ಲರೂ ಥಟ್ಟನೆ ಒಪ್ಪುತ್ತೇವೆ. “ಅದು ನಾನಲ್ಲ, ಅವರ ಮಾತು” ಅನ್ನುತ್ತೇವೆ. ಹಾಗಾದರೆ ಮನೆಯಲ್ಲಿ ಮಲಗಿರುವವನು ತನ್ನ ಬಗ್ಗೆ ಇಟ್ಟುಕೊಂಡಿರುವ ‘ನಾನು’ ಯಾವುದರಿಂದ ಆದದ್ದು? ಜಾಣ, ದಡ್ಡ, ಮುಂಗೋಪಿ, ಪಾಪದವನು. ಇವೂ ಯಾರೋ ಯಾವಾಗಲೋ ಅಂದ ಮಾತುಗಳೇ. ಚಾಡಿ ಹೊರಗಿನದಾದರೆ ಮೈ ಉರಿಯುತ್ತದೆ, ಒಳಗಿನದಾದರೆ ಅದಕ್ಕೇ ನನ್ನ ಸ್ವಭಾವ ಅನ್ನುತ್ತೇವೆ. ಎರಡೂ ಕಡೆ ಆ ‘ನಾನು’ ಮಾತಿನಲ್ಲಿ ಮಾತ್ರ ಇದೆ. ಮಾತು ನಿಂತರೆ ಅವನಿಗೆ ಉಳಿಯಲು ಜಾಗ ಇಲ್ಲ.

ತರ್ಕದ ತಕ್ಕಡಿ: ಇದು ನಿಮ್ಮ ವ್ಯಾಖ್ಯಾನ. ಪದ್ಯದಲ್ಲಿ ಅರ್ಧ ಮಾತ್ರ ಇದೆ. ಸುಳ್ಳು ನಾನು ಎಲ್ಲೆಲ್ಲೂ ಇದ್ದಾನೆ ಅಂತ ಹೇಳಿದೆ. ಅವನು ಹೋದ ಮೇಲೆ ಏನು ಅಂತ ಹೇಳಿಲ್ಲ. ಬರೀ ಸುಳ್ಳನ್ನು ತೋರಿಸಿ ನಿಲ್ಲಿಸಿದರೆ ಎಲ್ಲವೂ ಶೂನ್ಯ ಅನ್ನುವ ಶೂನ್ಯವಾದಿಯೂ ಚಪ್ಪಾಳೆ ತಟ್ಟುತ್ತಾನೆ. ಅದ್ವೈತಕ್ಕೆ ಇನ್ನೊಂದು ಹೆಜ್ಜೆ ಬೇಕು.

ಪೃಚ್ಛಕ: ಈ ಆಕ್ಷೇಪ ಒಪ್ಪಲೇಬೇಕು. ತುಂಟಪ್ರಾಸದವರೇ, ಉತ್ತರ ನಿಮ್ಮಿಂದಲೇ ಬರಲಿ. ಪದ್ಯದಲ್ಲೇ.

ತುಂಟಪ್ರಾಸ: ಸ್ವಲ್ಪ ಹೊತ್ತು ಬೇಕಾಯಿತು. ರಮಣ ಮಹರ್ಷಿಗಳು ಹೇಳುತ್ತಿದ್ದ ಒಂದು ಕಥೆ ನೆನಪಾಯಿತು. ಮದುವೆಮನೆಗೆ ಒಬ್ಬ ಕರೆಯದೆ ಬರುತ್ತಾನೆ. ಹೆಣ್ಣಿನ ಕಡೆಯವರು ಅವನನ್ನು ಗಂಡಿನ ಕಡೆಯವ ಅಂದುಕೊಳ್ಳುತ್ತಾರೆ. ಗಂಡಿನ ಕಡೆಯವರು ಹೆಣ್ಣಿನ ಕಡೆಯವ ಅಂದುಕೊಳ್ಳುತ್ತಾರೆ. ಎರಡೂ ಕಡೆ ಉಪಚಾರ. ಕೊನೆಗೆ ವಿಚಾರಣೆ ಶುರುವಾದ ಕೂಡಲೇ ಆಸಾಮಿ ಪರಾರಿ. ಅವನೇ ಅಹಂಕಾರ. ದೇಹದ ಹತ್ತಿರ ತಾನು ಚೈತನ್ಯ ಅನ್ನುತ್ತಾನೆ, ಚೈತನ್ಯದ ಹತ್ತಿರ ತಾನು ದೇಹ ಅನ್ನುತ್ತಾನೆ.

ಏನು ಗತ್ತೋ ಮದುವೆಯೂಟಕ್ಕೆ ಬಂದವಗೆ
ತಾನೆರಡು ಕಡೆಯವರ ನೆಂಟನಂತೆ
ನೀನಾರೆನುತ್ತಲೇ ಕಾಲ್ಕಿತ್ತನಿನ್ನುಳಿದ
ನಾನಿಲ್ಲದೆಡೆಯಲ್ಲಿ ನಾನಿರುವೆನು

ಗಣಗುಮಾಸ್ತ: ಅಬ್ಬಾ! ‘ಇನ್ನುಳಿದ’ ಅಂತ ಮೂರನೇ ಸಾಲು ಮುಗಿಯದೆ ನಾಲ್ಕಕ್ಕೆ ಹರಿದಿದೆ. ಕೊಟ್ಟ ಸಾಲು ಕೊಟ್ಟದ್ದು ಅಂತ ಅನ್ನಿಸುತ್ತಲೇ ಇಲ್ಲ. ಸಮಸ್ಯಾಪೂರಣದಲ್ಲಿ ನಾನು ಹುಡುಕುವುದು ಇದನ್ನೇ. ಉಳಿದ ಪೂರಣಗಳಲ್ಲಿ ನಾಲ್ಕನೇ ಸಾಲು ಸ್ವಲ್ಪ ಬೇರೆಯಾಗಿಯೇ ನಿಂತಿತ್ತು.

ಅರೆನಿದ್ದೆ: ‘ನೀನಾರು’ ಇಲ್ಲಿ ಬರೀ ಪ್ರಾಸಕ್ಕೆ ಬಂದ ಮಾತಲ್ಲ. 1896ರಲ್ಲಿ ಮದುರೆಯಲ್ಲಿ 16ರ ಹುಡುಗನಿಗೆ ಇದ್ದಕ್ಕಿದ್ದಂತೆ ಸಾವಿನ ಭಯ ಹಿಡಿಯಿತು. ಆತ ಹೆಣದಂತೆ ಮಲಗಿಕೊಂಡು ಸಾಯುವುದು ಯಾರು ಅಂತ ಒಳಗೇ ನೋಡಿದ. ಆ ಹುಡುಗನೇ ಮುಂದೆ ರಮಣರಾದದ್ದು. ಅವರು ಕೊಟ್ಟ ದಾರಿಯೂ ಇದೇ. ನೆಂಟನನ್ನು ಹೊಡೆದು ಓಡಿಸುವುದಲ್ಲ, ಯಾರಪ್ಪಾ ನೀನು ಅಂತ ಕೇಳುವುದು. ಹೊಡೆಯಲು ಹೋದರೆ ಕೋಲು ಹಿಡಿದವನೂ ಅವನೇ ಆಗಿರುತ್ತಾನೆ.

ತರ್ಕದ ತಕ್ಕಡಿ: ತಕ್ಕಡಿ ಕೆಳಗಿಟ್ಟಿದ್ದೇನೆ. ಒಂದೇ ಪ್ರಶ್ನೆ: ಕಾಲ್ಕಿತ್ತವನು ಊಟ ಮುಗಿಸಿಯೇ ಹೋದನೋ?

ತುಂಟಪ್ರಾಸ: ಅಷ್ಟೊತ್ತಿಗೆ ಕೈ ತೊಳೆಯುತ್ತಿದ್ದ!

ಪೃಚ್ಛಕ: ಮುಂದಿನ ಸಮಸ್ಯೆ ಕೊಡುವ ಸರದಿ ತುಂಟಪ್ರಾಸದವರದು.

ತುಂಟಪ್ರಾಸ: ಹಾಗಾದರೆ ಅದೇ ಚೌಪದಿ, ಪ್ರಾಸ ಮಾತ್ರ ‘ನ್ನ’. ಈ ಸಲ ಹಯಪ್ರಾಸ, ಒತ್ತು ಮರೆಯಬೇಡಿ.

ಕನ್ನಡಿಯ ನೋಡದೆಯೆ ಮುಖ ಕಂಡೆನು

ನೀರಿನಲ್ಲಿ ನೋಡಿದೆ ಅಂತ ಬರೆದವರಿಗೆ ಅಂಕ ಇಲ್ಲ.